ದೇವರು ಇಳಿದ ಗೋಡೆ

2022ರ ಸೆಪ್ಟೆಂಬರ್ 8. ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಅಂದು ಭೂತಾಯಮ್ಮನ ಜಾತ್ರೆ. ಉತ್ಸವ ಬೀದಿಯಲ್ಲಿ ಸಾಗುತ್ತಿದ್ದಾಗ ಹತ್ತನೇ ತರಗತಿಯಲ್ಲಿ ಓದುತ್ತಿದ್ದ ದಲಿತ ಹುಡುಗನೊಬ್ಬ ಸಿಡಿರಣ್ಣನೆಂಬ ದೇವರ ಕೋಲನ್ನು ಮುಟ್ಟಿದ. ಜಾತ್ರೆಯ ಗದ್ದಲದಲ್ಲಿ ಯಾವ ಹುಡುಗನಾದರೂ ಮುಟ್ಟುವಂಥದ್ದೇ. ಆದರೆ ಮರುದಿನದ ಹೊತ್ತಿಗೆ ಅದು ಅಪರಾಧವಾಗಿತ್ತು. ದೇವರಿಗೆ ಮೈಲಿಗೆಯಾಗಿದೆ, ಶುದ್ಧಿಯಾಗಬೇಕು, ಅದಕ್ಕೆ 60,000 ರೂಪಾಯಿ ದಂಡ ಕಟ್ಟಬೇಕು, ಅಕ್ಟೋಬರ್ ಒಂದರೊಳಗೆ ಕಟ್ಟದಿದ್ದರೆ ಊರು ಬಿಡಬೇಕು ಎಂದು ಊರಿನ ದೊಡ್ಡವರೆನಿಸಿಕೊಂಡವರು ತೀರ್ಮಾನಿಸಿದರು. ಸುದ್ದಿ ಹೊರಬಂತು, ಪೊಲೀಸರು ಮೊಕದ್ದಮೆ ದಾಖಲಿಸಿದರು, ಅಧಿಕಾರಿಗಳ ಜೀಪುಗಳು ಹಳ್ಳಿಗೆ ಬಂದುಹೋದವು. ಇಷ್ಟರ ನಡುವೆ ಆ ಮನೆಯವರು ಇನ್ನೊಂದು ಕೆಲಸ ಮಾಡಿದರು. ಮನೆಯಲ್ಲಿದ್ದ ದೇವರ ಪಟಗಳನ್ನು ಇಳಿಸಿ ಹೊರಗೆ ಹಾಕಿ, ಅಂಬೇಡ್ಕರ್ ಮತ್ತು ಬುದ್ಧನ ಪಟಗಳನ್ನು ಇಟ್ಟರು. ನಾವು ಮುಟ್ಟಿದರೆ ಆಗದ ದೇವರು ನಮಗೇಕೆ ಎಂಬುದು ಆ ತಾಯಿ ಕೇಳಿದ ಮಾತಿನ ತಾತ್ಪರ್ಯ.

ಪತ್ರಿಕೆಗಳಿಗೆ ಸುದ್ದಿ ಅಲ್ಲಿಗೆ ಮುಗಿಯಿತು. ಇಂಥ ಹೆಜ್ಜೆ ಇಟ್ಟ ಯಾವ ಮನೆಗೇ ಆದರೂ ಕೆಲಸ ಶುರುವಾಗುವುದು ಅಲ್ಲಿಂದಲೇ. ಸಂಜೆ ದೀಪ ಹಚ್ಚುವ ಹೊತ್ತಾಗುತ್ತದೆ. ಹಚ್ಚಬೇಕೆ, ಬೇಡವೆ? ಹಚ್ಚಿದರೆ ಕೈ ಮುಗಿದು ಏನನ್ನಬೇಕು? ಆ ವರ್ಷ ಮಹಾಲಯ ಅಮಾವಾಸ್ಯೆ ಬಿದ್ದದ್ದು ಸೆಪ್ಟೆಂಬರ್ 25ಕ್ಕೆ. ಜಾತ್ರೆ ಕಳೆದು ಮೂರು ವಾರವೂ ಆಗಿರಲಿಲ್ಲ. ಈ ಸೀಮೆಯ ಮನೆಮನೆಯಲ್ಲೂ ಅಂದು ಸತ್ತ ಹಿರಿಯರಿಗೆ ಎಡೆ ಇಡುತ್ತಾರೆ. ದೇವರನ್ನು ಇಳಿಸಿದ ಮನೆಯಲ್ಲಿ ಅಜ್ಜಿಗೂ ಎಡೆ ಇಲ್ಲವೆ? ನಾಳೆ ಮಗಳು ದೊಡ್ಡವಳಾದರೆ ಆರತಿ ಉಂಟೋ ಇಲ್ಲವೋ? ಮದುವೆಗೆ ಯಾರನ್ನು ಕರೆಯುವುದು? ಸತ್ತವರನ್ನು ಮಣ್ಣಿಗಿಡುವಾಗ ನಾಲ್ಕು ಮಾತು ಯಾರು ಹೇಳಬೇಕು?

ಹೊಸ ಆಚರಣೆಯ ಮಾತೆತ್ತಿದರೆ ಎರಡು ಕಡೆಯಿಂದ ನಗು ಕೇಳಿಸುತ್ತದೆ. ಶಾಸ್ತ್ರಗಳು ತಲೆತಲಾಂತರದಿಂದ ಬಂದವು, ಅವನ್ನು ಕುಳಿತು ಬರೆಯಲಾಗುವುದೆ ಎಂದು ಸಂಪ್ರದಾಯದವರು ನಗುತ್ತಾರೆ. ಒಂದು ಮೂಢನಂಬಿಕೆ ಬಿಟ್ಟವರಿಗೆ ಇನ್ನೊಂದೇಕೆ ಎಂದು ವಿಚಾರವಾದಿಗಳು ನಗುತ್ತಾರೆ. ಸಾವಿನ ಮನೆಯಲ್ಲಿ ಹನ್ನೊಂದನೆಯ ದಿನ ನೆಂಟರೆಲ್ಲ ಬಂದು ಕುಳಿತು, ಮುಂದೇನು ಎಂದು ಒಬ್ಬರ ಮುಖ ಒಬ್ಬರು ನೋಡುವ ಹೊತ್ತಿನಲ್ಲಿ ಈ ಇಬ್ಬರೂ ಅಲ್ಲಿರುವುದಿಲ್ಲ.

ಹಾಗೆ ನೋಡಿದರೆ ಆಚರಣೆಗಳು ಹೇಗೆ ಹುಟ್ಟುತ್ತವೆ ಎಂಬುದನ್ನು ತಿಳಿಯಲು ಕೋಲಾರಕ್ಕಿಂತ ಒಳ್ಳೆಯ ಜಾಗ ಬೇಡ. ಊರಿನ ಕೋಲಾರಮ್ಮನ ಗುಡಿ ಚೋಳರ ಕಾಲದ್ದು, ಸಾವಿರ ವರ್ಷದ ಹತ್ತಿರದ್ದು. ಉಗ್ರರೂಪಿಯಾದ ಅಮ್ಮನನ್ನು ನೇರವಾಗಿ ನೋಡದೆ ಕನ್ನಡಿಯಲ್ಲಿ ನೋಡುವ ಪದ್ಧತಿ ಅಲ್ಲಿದೆ. ಅದೇ ಆವರಣದಲ್ಲಿ ಚೇಳಮ್ಮನಿದ್ದಾಳೆ. ಹೆಸರೇ ಹೇಳುವಂತೆ ಚೇಳಿನ ದೇವತೆ. ನೆಲದಲ್ಲಿ ಕೊರೆದ ಹಳೆಯ ಕುಳಿಯೇ ಅಲ್ಲಿ ಹುಂಡಿ. ಕಾಣಿಕೆ ಹಾಕಿದವರಿಗೆ ಚೇಳಿನ ಕಾಟವಿಲ್ಲ ಎಂಬುದು ನಂಬಿಕೆ. ಬಂಡೆಗಲ್ಲುಗಳ ಸೀಮೆ ಇದು. ಕಲ್ಲು ಎತ್ತುವ, ಸೌದೆ ಒಟ್ಟುವ, ಬರಿಗಾಲಲ್ಲಿ ನಡೆಯುವ ಜನಕ್ಕೆ ಚೇಳಿಗಿಂತ ಹತ್ತಿರದ ಭಯ ಯಾವುದಿತ್ತು? ಆ ಭಯ ಒಂದು ಕುಳಿ ಹುಡುಕಿಕೊಂಡಿತು, ಒಂದು ಕಾಸು ಹುಡುಕಿಕೊಂಡಿತು.

ಇದು ಹಳೆಯದಾಯಿತು. ಶ್ರೀನಿವಾಸಪುರದ ಮಾವಿನ ತೋಪುಗಳ ಕಡೆ ಹೋದರೆ ನಮ್ಮ ಕಣ್ಣೆದುರಿಗೇ ಹುಟ್ಟಿದ ಪೂಜೆ ಸಿಗುತ್ತದೆ. ಬೋರ್‌ವೆಲ್ ಪೂಜೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಒಬ್ಬ ಹೊಲ ಸುತ್ತುತ್ತಾನೆ, ಕಾಯಿ ಎದ್ದು ನಿಂತ ಕಡೆ ಕಲ್ಲಿಟ್ಟು ಗುರುತು ಮಾಡುತ್ತಾರೆ. ತಮಿಳುನಾಡಿನ ತಿರುಚೆಂಗೋಡಿನಿಂದ ಕೊರೆಯುವ ಲಾರಿ ಬರುತ್ತದೆ. ಅರಿಶಿನ, ಕುಂಕುಮ, ಕರ್ಪೂರ, ಚಕ್ರದ ಕೆಳಗೆ ನಿಂಬೆಹಣ್ಣು. ರೈತ ತೆಲುಗಿನಲ್ಲಿ ಗಂಗಮ್ಮನನ್ನು ಕರೆಯುತ್ತಾನೆ, ಡ್ರಿಲ್ಲರ್ ತಮಿಳಿನಲ್ಲಿ ತನ್ನ ದೇವರನ್ನು ಕರೆಯುತ್ತಾನೆ, ಬಿಲ್ಲು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಸಾವಿರ ಅಡಿ ದಾಟಿ ಸಾವಿರದೈನೂರಕ್ಕೆ ಹೋದರೂ ಬರೀ ಧೂಳು ಬರುವ ನೆಲದಲ್ಲಿ, ಸಾಲ ಮಾಡಿ ನಿಂತವನಿಗೆ ಕೈ ಮುಗಿಯದೆ ಬೇರೆ ದಾರಿ ಏನಿದೆ? ಕೊಳವೆಬಾವಿ ಎಂಬ ವಸ್ತು ಈ ಹಳ್ಳಿಗಳಿಗೆ ಬಂದು ಐವತ್ತು ವರ್ಷ ಆಗಿದ್ದರೆ ಹೆಚ್ಚು. ಅಷ್ಟರಲ್ಲೇ ಅದಕ್ಕೊಂದು ವಿಧಿ ಬಂತು, ವಿಧಿಗೊಂದು ಕ್ರಮ ಬಂತು, ಕ್ರಮ ತಪ್ಪಿದರೆ ನೀರು ಬರುವುದಿಲ್ಲ ಎಂಬ ಅಂಜಿಕೆಯೂ ಬಂತು. ಯಾವ ಆಗಮ ಪಂಡಿತನೂ ಇದನ್ನು ಬರೆಯಲಿಲ್ಲ. ಪಕ್ಕದ ಕೊಯಮತ್ತೂರಿನಲ್ಲಿ ಪ್ಲೇಗಿನ ಕಾಲದಲ್ಲಿ ಪ್ಲೇಗ್ ಮಾರಿಯಮ್ಮ ಹುಟ್ಟಿದ್ದಳು, ಅದೇ ಊರಲ್ಲಿ 2021ರಲ್ಲಿ ಕೊರೊನಾ ದೇವಿಯ ಮೂರ್ತಿಯೂ ಕುಳಿತಿತು. ಭಯ ಹೊಸದಾದರೆ ದೇವರೂ ಹೊಸದು.

ನೀರಿನ ಮಾತು ಬಂದದ್ದರಿಂದ ಒಂದು ಸಂಗತಿ ಹೇಳಿಬಿಡಬೇಕು. 2018ರ ಜೂನ್‌ನಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು, ಎಂದರೆ ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧಮಾಡಿದ ನೀರು, ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಹರಿಯಿತು. ದಿನಕ್ಕೆ 440 ದಶಲಕ್ಷ ಲೀಟರು, 126 ಕೆರೆ ಎಂಬುದು ಯೋಜನೆಯ ಲೆಕ್ಕ. ಮರುತಿಂಗಳೇ ಕೆರೆಯಲ್ಲಿ ನೊರೆ ಕಾಣಿಸಿಕೊಂಡು ವಿಷಯ ಹೈಕೋರ್ಟಿಗೆ ಹೋಯಿತು, ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು. ಮೂರನೇ ಹಂತದ ಶುದ್ಧೀಕರಣ ಬೇಕೆಂಬ ವಾದ ಇಂದಿಗೂ ನ್ಯಾಯವಾದದ್ದೇ. ಆದರೆ ವರ್ಷಗಟ್ಟಲೆ ಬಿರುಕುಬಿಟ್ಟು ಮಲಗಿದ್ದ ಕೆರೆ ತುಂಬಿದಾಗ ಅದರ ದಂಡೆಗೆ ಮೊರ ಬಂತು, ಅರಿಶಿನ ಕುಂಕುಮ ಬಂತು, ಬಾಗಿನ ಬಂತು. ಶಹರದ ಬಚ್ಚಲ ನೀರಿಗೂ ಗಂಗೆಯ ಪಟ್ಟ ಕೊಡುವಷ್ಟು ಉದಾರವಾದ ಮಡಿ, ಒಬ್ಬ ಹುಡುಗನ ಕೈ ತಾಗಿದ ಕೋಲಿನ ಮುಂದೆ ಮಾತ್ರ ಅರವತ್ತು ಸಾವಿರ ಕೇಳಿತು. ಬೇಕಾದಾಗ ಶಾಸ್ತ್ರ ಬಾಗುತ್ತದೆ. ಯಾರಿಗೆ ಬೇಕು ಎಂಬುದರ ಮೇಲೆ ಅದರ ಬಾಗುವಿಕೆ ನಿಂತಿದೆ.

ಬೋರ್‌ವೆಲ್ ಪೂಜೆ ತನಗೆ ತಾನೇ ಬೆಳೆದದ್ದು. ತಿಳಿದೂ ತಿಳಿದೂ, ಇದು ನಮ್ಮ ಹೊಸ ದಾರಿ, ಇದಕ್ಕೊಂದು ವಿಧಿ ಬೇಕು ಎಂದು ಕುಳಿತು ಕಟ್ಟುವುದು ಬೇರೆ ಕಷ್ಟ. ಅಂಥ ಕಷ್ಟದ ಒಂದು ತಮಾಷೆಯ ಕಥೆ ಇಂಗ್ಲೆಂಡಿನದು. ಮಾಟಗಾತಿಯರನ್ನು ದಂಡಿಸುವ ಹಳೆಯ ಕಾನೂನು ಅಲ್ಲಿ 1951ರಲ್ಲಿ ರದ್ದಾಯಿತು. ಮೂರು ವರ್ಷಕ್ಕೆ, 1954ರಲ್ಲಿ, ಜೆರಾಲ್ಡ್ ಗಾರ್ಡ್ನರ್ ಎಂಬ ನಿವೃತ್ತ ಅಧಿಕಾರಿ ಒಂದು ಪುಸ್ತಕ ಬರೆದು, ಕ್ರೈಸ್ತಮತಕ್ಕೂ ಹಿಂದಿನ ಮಾಟಗಾತಿಯರ ಧರ್ಮ ಗುಟ್ಟಾಗಿ ಉಳಿದುಕೊಂಡು ಬಂದಿದೆ, ತಾನು ಅದರಲ್ಲಿ ದೀಕ್ಷೆ ಪಡೆದಿದ್ದೇನೆ ಎಂದ. ಮುಂದೆ ವಿಕ್ಕ ಎಂದು ಹೆಸರಾಗಿ ಲೋಕಕ್ಕೆಲ್ಲ ಹಬ್ಬಿದ ಪಂಥ ಇದೇ. ಅವನ ಬಳಿ ದೀಕ್ಷೆ ಪಡೆದ ಡೋರೀನ್ ವ್ಯಾಲಿಯೆಂಟ್ ಎಂಬ ಹೆಂಗಸು ಓದಿಕೊಂಡವಳು. ಪುರಾತನ ಎಂದು ಹೇಳುವ ಮಂತ್ರಗಳಲ್ಲಿ ಎಷ್ಟೋ ಸಾಲುಗಳು ಅದೇ ಶತಮಾನದ ಅಲಿಸ್ಟರ್ ಕ್ರೌಲಿಯ ಪುಸ್ತಕಗಳಿಂದ ಎತ್ತಿದವು ಎಂದು ಗುರುತಿಸಿ ಮುಖಕ್ಕೇ ಹೇಳಿದಳು. ನಿನ್ನಿಂದ ಇದಕ್ಕಿಂತ ಚೆನ್ನಾಗಿ ಆಗುವುದಾದರೆ ನೀನೇ ಮಾಡು ಎಂದನಂತೆ ಗಾರ್ಡ್ನರ್. ಆಕೆ ಮಾಡಿದಳು. ಇವತ್ತು ಹುಣ್ಣಿಮೆಯ ರಾತ್ರಿ ವೃತ್ತಾಕಾರವಾಗಿ ನಿಂತು ಆ ಪಂಥದವರು ಹೇಳುವ ಮಾತುಗಳಲ್ಲಿ ಒಳ್ಳೆಯವೆಲ್ಲ ಬಹುಮಟ್ಟಿಗೆ ಅವಳವು. ಪುರಾತನದ ಕಥೆ ಇತಿಹಾಸಕ್ಕೆ ನಿಲ್ಲುವುದಿಲ್ಲವೆಂದು 1999ರಲ್ಲಿ ರೊನಾಲ್ಡ್ ಹಟನ್ ಎಂಬ ಇತಿಹಾಸಕಾರ ದೊಡ್ಡ ಗ್ರಂಥವನ್ನೇ ಬರೆದ. ಪಂಥವೇನೂ ಮುಚ್ಚಿಹೋಗಲಿಲ್ಲ. ಹೊಸದು ಎಂದು ಒಪ್ಪಿಕೊಂಡೇ ಬಹಳ ಜನ ಮುಂದುವರಿದರು.

ಇದೆಲ್ಲ ಇಂಗ್ಲೆಂಡಿನವರಿಗೆ ಹೊಳೆಯುವುದಕ್ಕೆ ಅರ್ಧ ಶತಮಾನ ಮೊದಲೇ ಕೋಲಾರ ಜಿಲ್ಲೆಯ ಚಿನ್ನದ ಗಣಿಯ ಕೂಲಿಲೈನುಗಳಲ್ಲಿ ಈ ಕೆಲಸ ನಡೆದಿತ್ತು ಎಂದರೆ ಜಿಲ್ಲೆಯ ಜನವೇ ಹುಬ್ಬೇರಿಸುತ್ತಾರೆ. ಸಿದ್ಧವೈದ್ಯರಾಗಿದ್ದ ಅಯೋತಿದಾಸ ಪಂಡಿತರು (1845–1914) 1898ರಲ್ಲಿ ಕರ್ನಲ್ ಆಲ್ಕಾಟ್‌ರ ನೆರವಿನಿಂದ ಸಿಂಹಳಕ್ಕೆ ಹೋಗಿ ಬೌದ್ಧರಾಗಿ ಬಂದು ಮದ್ರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. 1907ರಲ್ಲಿ ‘ಒರು ಪೈಸಾ ತಮಿಳನ್’ ಎಂಬ ವಾರಪತ್ರಿಕೆ ತೆಗೆದರು. ಹೆಸರಲ್ಲೇ ಬೆಲೆ ಇದೆ, ಒಂದು ಪೈಸೆ. ಆ ಪತ್ರಿಕೆಯನ್ನು ಓದಿ, ಓದಿಸಿ ಕೇಳಿ, ಮಾರಿಕುಪ್ಪಂ ಮತ್ತು ಚಾಂಪಿಯನ್ ರೀಫ್‌ಗಳಲ್ಲಿ ಸಂಘದ ಶಾಖೆ ತೆರೆದವರು ಗಣಿಯಲ್ಲಿ ದುಡಿಯುತ್ತಿದ್ದ ತಮಿಳು ದಲಿತರು. ಪಂಡಿತರು ತೀರಿಕೊಂಡ ಮೇಲೆ ನಿಂತುಹೋಗಿದ್ದ ಪತ್ರಿಕೆಯನ್ನು 1926ರಲ್ಲಿ ಮತ್ತೆ ಹೊರಡಿಸಿದ್ದೂ ಕೆಜಿಎಫ್‌ನಿಂದಲೇ, ಜಿ. ಅಪ್ಪಾದುರೈ ಅವರ ಸಂಪಾದಕತ್ವದಲ್ಲಿ.

ಈ ಸಂಘಗಳು ಉಪನ್ಯಾಸ ಮಾಡಿಸಿ ಸುಮ್ಮನಾಗಲಿಲ್ಲ. ಮದುವೆ ಮಾಡಿಸಿದವು, ಸಾವಿಗೆ ನಿಂತವು, ಬುದ್ಧಜಯಂತಿ ಮಾಡಿದವು. ಪುರೋಹಿತನಿಲ್ಲದೆ, ಸಂಘದ ಹಿರಿಯನೇ ಮುಂದೆ ನಿಂತು ಪಂಚಶೀಲ ಹೇಳಿಸಿದ. ಮುಖ್ಯವಾಗಿ ಅವು ಹಬ್ಬಗಳ ಮೇಲೆ ಕೈ ಇಟ್ಟವು. ಅಯೋತಿದಾಸರ ಜಾಣ್ಮೆ ಇರುವುದು ಇಲ್ಲಿ. ದೀಪಾವಳಿ ಬಿಡಿ ಎಂದು ಅವರು ಹೇಳಲಿಲ್ಲ. ಅದು ಅಸುರನನ್ನು ಕೊಂದ ದಿನವಲ್ಲ, ಬೌದ್ಧರ ಕಾಲದಲ್ಲಿ ಎಳ್ಳೆಣ್ಣೆಯ ಗುಣವನ್ನು ಕಂಡುಹಿಡಿದು ಜನರೆಲ್ಲ ಎಣ್ಣೆ ಹಚ್ಚಿ ಮಿಂದ ದಿನ ಎಂದರು. ಗಣಿಕಾರ್ಮಿಕನ ಹೆಂಡತಿ ಬೆಳಗಿನ ಜಾವ ಎದ್ದು ಮಕ್ಕಳ ತಲೆಗೆ ಅದೇ ಎಣ್ಣೆ ಒತ್ತಬಹುದಿತ್ತು, ಅದೇ ಬಿಸಿನೀರು ಎರೆಯಬಹುದಿತ್ತು. ಕಥೆಯಷ್ಟೇ ಬದಲಾಗಿತ್ತು. ಆ ಕಥೆಯಲ್ಲಿ ಅವಳ ಪೂರ್ವಿಕರು ಸೋತ ಅಸುರರಾಗಿರಲಿಲ್ಲ.

ಪಂಡಿತರ ಪದವ್ಯುತ್ಪತ್ತಿಗಳನ್ನು ಇಂದಿನ ಭಾಷಾಶಾಸ್ತ್ರಜ್ಞರ ಮುಂದಿಟ್ಟರೆ ಎಷ್ಟೋ ಉಳಿಯಲಾರವು. ನಾವು ಹೊಸದಾಗಿ ಬೌದ್ಧರಾದವರಲ್ಲ, ಮೊದಲಿಂದಲೂ ಬೌದ್ಧರು, ಪೂರ್ವ ಬೌದ್ಧರು ಎಂಬುದು ಅವರ ವಾದ. ಹೊಸದನ್ನು ಹಳೆಯದೆಂದು ಹೇಳುವ ಆಸೆ ಗಾರ್ಡ್ನರ್‌ಗೆ ಮಾತ್ರ ಇದ್ದದ್ದಲ್ಲ ಎಂದು ಇದರಿಂದ ಕಾಣುತ್ತದೆ. ಆದರೆ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಮನಸ್ಸು ಒಪ್ಪುವುದಿಲ್ಲ. ಒಬ್ಬನಿಗೆ ಪುರಾತನತೆ ಒಂದು ಅಲಂಕಾರ. ಇನ್ನೊಬ್ಬರ ಜನಕ್ಕೆ, ಹುಟ್ಟಿನಿಂದ ಕೀಳು ಎನಿಸಿಕೊಂಡವರಿಗೆ, ಒಂದು ಗತಕಾಲವೇ ಇರಲಿಲ್ಲ. ಇದ್ದದ್ದನ್ನು ಬೇರೆಯವರು ಬರೆದಿದ್ದರು.

ಗಣಿಯಲ್ಲಿ ಇದು ಸಾಧ್ಯವಾಗಿ ಪಕ್ಕದ ಹಳ್ಳಿಗಳಲ್ಲಿ ಯಾಕೆ ಆಗಲಿಲ್ಲ ಎಂದರೆ ಉತ್ತರ ಸಂಬಳದ ದಿನದಲ್ಲಿದೆ. ಜಾನ್ ಟೇಲರ್ ಕಂಪೆನಿಯ ಕೂಲಿ ಕಡಿಮೆಯೇ ಇತ್ತು, ನೆಲದೊಳಗೆ ಬಂಡೆ ಸಿಡಿದು ಸತ್ತವರಿಗೆ ಲೆಕ್ಕವಿಲ್ಲ. ಆದರೂ ಕೂಲಿ ಕೊಡುವವನು ಊರಗೌಡನಾಗಿರಲಿಲ್ಲ. ಬೌದ್ಧನಾದೆ ಎಂದು ಯಾರೂ ಬಾವಿ ಮುಚ್ಚುವಂತಿರಲಿಲ್ಲ, ಗದ್ದೆ ಕೆಲಸ ತಪ್ಪಿಸುವಂತಿರಲಿಲ್ಲ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಕೂಲಿ, ನೀರು, ಸ್ಮಶಾನದ ದಾರಿ ಮೂರೂ ಬೇರೆಯವರ ಕೈಯಲ್ಲಿದ್ದವು. 2000ದ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಗೇ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟುಕೊಂದದ್ದನ್ನು ನೆನೆದರೆ, ಹಳ್ಳಿಯಲ್ಲಿ ತಲೆಯೆತ್ತುವುದರ ಬೆಲೆ ಏನೆಂದು ತಿಳಿಯುತ್ತದೆ. ಅಲ್ಲಿ ಒಂದು ಪಟ ಇಳಿಸುವುದೂ ಸಣ್ಣ ಕೆಲಸವಲ್ಲ. ಗಣಿಯೂ 2001ರ ಫೆಬ್ರುವರಿ 28ಕ್ಕೆ ಮುಚ್ಚಿತು.

ಅಂಬೇಡ್ಕರ್ ಅವರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಮಾಡಿದ್ದನ್ನು ಎಲ್ಲರೂ ಮತಾಂತರ ಎಂದೇ ಕರೆಯುತ್ತಾರೆ. ಅದನ್ನು ಒಂದು ವಿಧಿಯ ರಚನೆ ಎಂದು ನೋಡಿದರೆ ಇನ್ನಷ್ಟು ಬೆರಗಾಗುತ್ತದೆ. ಮೊದಲು ಭಿಕ್ಷು ಚಂದ್ರಮಣಿಯವರಿಂದ ತಾವು ದೀಕ್ಷೆ ಪಡೆದರು. ಆಮೇಲೆ ಭಿಕ್ಷುವಿಗೆ ಬಿಡದೆ, ಗೃಹಸ್ಥರಾದ ತಾವೇ ಎದ್ದು ನಿಂತು, ತಾವೇ ರಚಿಸಿದ 22 ಪ್ರತಿಜ್ಞೆಗಳನ್ನು ಲಕ್ಷಾಂತರ ಜನರಿಂದ ಹೇಳಿಸಿದರು. ಬೌದ್ಧ ಪರಂಪರೆಯಲ್ಲಿ ಹಾಗೆಂದೂ ನಡೆದಿರಲಿಲ್ಲ. ಶ್ರಾದ್ಧ ಮಾಡೆನು, ಪಿಂಡ ಇಡೆನು ಎಂಬುದೂ ಆ ಪ್ರತಿಜ್ಞೆಗಳಲ್ಲಿ ಸೇರಿದೆ. ಅದಾಗಿ 53 ದಿನಕ್ಕೆ, ಡಿಸೆಂಬರ್ 6ರಂದು, ಅವರು ಹೋಗಿಬಿಟ್ಟರು. ಏನನ್ನು ಬಿಡಬೇಕು ಎಂಬ ಪಟ್ಟಿ ಸ್ಪಷ್ಟವಾಗಿ ಉಳಿಯಿತು. ಬಿಟ್ಟ ಜಾಗದಲ್ಲಿ ಏನನ್ನು ಇಡಬೇಕು ಎಂಬುದನ್ನು ಜನರೇ ಹುಡುಕಬೇಕಾಯಿತು.

ಕರ್ನಾಟಕದಲ್ಲಿ ಮದುವೆಯ ಮಟ್ಟಿಗೆ ಒಂದು ದಾರಿ ಕುವೆಂಪು ತೋರಿಸಿದ್ದು. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯ ಮದುವೆಯನ್ನು ಮಂತ್ರಮಾಂಗಲ್ಯದ ರೀತಿಯಲ್ಲಿ ನಡೆಸಿದರು. ಪುರೋಹಿತನಿಲ್ಲ, ಮುಹೂರ್ತವಿಲ್ಲ, ವರದಕ್ಷಿಣೆ ಇಲ್ಲ, ದುಂದಿಲ್ಲ. ಗಂಡು ಹೆಣ್ಣು ಇಬ್ಬರಿಗೂ ಅರ್ಥವಾಗುವ ಕನ್ನಡದಲ್ಲಿ ಪ್ರತಿಜ್ಞೆ. ಮುಂದೆ ರೈತಸಂಘದವರು ಅದನ್ನು ಹಳ್ಳಿಗೆ ಕೊಂಡೊಯ್ದರು, ಪ್ರೊ. ನಂಜುಂಡಸ್ವಾಮಿಯವರ ಕಾಲದಲ್ಲಿ ಎಷ್ಟೋ ಜೋಡಿಗಳು ಹಾಗೆ ಮದುವೆಯಾದವು. ಆದರೂ ಅದು ಊರ ರೂಢಿಯಾಗಲಿಲ್ಲ ಎಂಬುದನ್ನು ಒಪ್ಪಬೇಕು. ಹುಡುಗ ಹುಡುಗಿ ಒಪ್ಪುತ್ತಾರೆ; ಹುಡುಗಿಯ ಸೋದರಮಾವ ಒಪ್ಪುವುದಿಲ್ಲ. ಅವನ ಕೈಗೆ ಏನಾದರೂ ಕೆಲಸ ಬೇಕು. ಹಳೆಯ ಮದುವೆಯಲ್ಲಿ ಅತ್ತೆಗೆ, ಮಾವನಿಗೆ, ಅಗಸನಿಗೆ, ಬಳೆಗಾರನಿಗೆ ಒಂದೊಂದು ಪಾತ್ರವಿತ್ತು. ಇಪ್ಪತ್ತು ನಿಮಿಷದಲ್ಲಿ ಮುಗಿಯುವ ಹೊಸ ಮದುವೆಯಲ್ಲಿ ಅವರೆಲ್ಲ ಪ್ರೇಕ್ಷಕರು.

ಕಾನೂನಿನ ತೊಡಕೂ ಉಂಟು. ನೆರೆಯ ತಮಿಳುನಾಡು 1967ರಲ್ಲೇ ಹಿಂದೂ ವಿವಾಹ ಕಾಯಿದೆಗೆ ತಿದ್ದುಪಡಿ ತಂದು, ಪುರೋಹಿತನಿಲ್ಲದೆ ಹಾರ ಬದಲಿಸಿಕೊಂಡ ಸ್ವಾಭಿಮಾನದ ಮದುವೆಗೆ ಮಾನ್ಯತೆ ಕೊಟ್ಟಿತು. ನಮ್ಮಲ್ಲಿ ಅಂಥ ತಿದ್ದುಪಡಿ ಆಗಲಿಲ್ಲ. ಶಾಸ್ತ್ರ ನಡೆಯದೆ ಬರೀ ನೋಂದಣಿಪತ್ರದಿಂದ ಹಿಂದೂ ವಿವಾಹ ಸಿದ್ಧವಾಗುವುದಿಲ್ಲ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಕಾಯಿದೆಯ ಲೆಕ್ಕದಲ್ಲಿ ಬೌದ್ಧರೂ ಹಿಂದೂಗಳೇ. ಆದ್ದರಿಂದ ಹೊಸ ದಾರಿಯ ಜೋಡಿಗಳು 1954ರ ವಿಶೇಷ ವಿವಾಹ ಕಾಯಿದೆಯಡಿ ತಿಂಗಳು ಮುಂಚೆ ನೋಟಿಸು ಕೊಟ್ಟು ನೋಂದಾಯಿಸಿಕೊಳ್ಳುವುದೇ ಕ್ಷೇಮ. ಹಾಗೆಯೇ ಮೌಢ್ಯ ನಿಷೇಧದ ಕಾಯಿದೆ. 2017ರಲ್ಲಿ ಶಾಸನಸಭೆ ಒಪ್ಪಿ, 2020ರ ಜನವರಿಯಲ್ಲಿ ಜಾರಿಗೆ ಬಂದ ಅದು ಮಡೆಸ್ನಾನದಂಥವನ್ನು ನಿಲ್ಲಿಸಬಲ್ಲದು, ಆ ಜಾಗಕ್ಕೆ ಮನುಷ್ಯರು ಬಾಳಬಹುದಾದ ಇನ್ನೊಂದನ್ನು ತಂದಿಡುವ ಕೆಲಸ ಅದರದಲ್ಲ.

ಹೆಂಗಸರ ವಿಚಾರದಲ್ಲಿ ಹೊಸ ವಿಧಿಗಳೆಲ್ಲ ಬಹಳ ಬಡವು. ವೇದಿಕೆಯ ಮೇಲೆ ಗಂಡಸರು ಕುಳಿತು ರಚಿಸಿದ್ದರಿಂದಲೋ ಏನೋ, ಮದುವೆ ಮತ್ತು ಸಾವು ಬಿಟ್ಟರೆ ಅವರಿಗೆ ಬೇರೆ ನೆನಪಾಗಲಿಲ್ಲ. ಬಸುರಿ, ಬಾಣಂತಿ, ತೊಟ್ಟಿಲು, ಮೈನೆರೆದ ಹುಡುಗಿ ಇವರೆಲ್ಲ ಹಳೆಯ ದೇವರ ಪಾಲಿಗೇ ಉಳಿದರು. ಮುಳಬಾಗಿಲು ತಾಲ್ಲೂಕಿನ ಆವನಿ ಬೆಟ್ಟಕ್ಕೆ ಹೋಗಿ ನೋಡಬಹುದು. ರಾಮ ಕಾಡಿಗಟ್ಟಿದ ಸೀತೆ ಲವಕುಶರನ್ನು ಹೆತ್ತದ್ದು ಅಲ್ಲೇ ಎಂಬುದು ಸ್ಥಳಪುರಾಣ. ಬೆಟ್ಟದ ಮೇಲೆ ಅವಳದೇ ಗುಡಿ ಇದೆ. ಮಕ್ಕಳಿಲ್ಲದವರು ಹತ್ತಿ ಹೋಗಿ ಹರಕೆ ಹೊರುತ್ತಾರೆ. ಗಂಡ ಬಿಟ್ಟವಳು, ಕಲ್ಲುಗುಡ್ಡದಲ್ಲಿ ಒಂಟಿಯಾಗಿ ಹೆತ್ತವಳು. ಅವಳ ಮುಂದೆ ನಿಂತ ಹೆಂಗಸಿಗೆ ಹೇಳಿಕೊಳ್ಳಲು ಮಂತ್ರ ಬೇಕಾಗುವುದಿಲ್ಲ. ಬುದ್ಧನ ಪಟದ ಕೆಳಗೆ ಅವಳಿಗೆ ಇಷ್ಟೇ ಸಲಿಗೆಯ ಜಾಗವನ್ನು ಇನ್ನೂ ಯಾರೂ ಮಾಡಿಕೊಟ್ಟಿಲ್ಲ. ಬಹುಶಃ ಒಬ್ಬ ವ್ಯಾಲಿಯೆಂಟ್ ಬರಬೇಕು.

ಇರುವ ವಸ್ತುವನ್ನೇ ತಿರುಗಿಸಿಕೊಂಡು ಬಳಸುವ ದಾರಿಯೂ ಒಂದಿದೆ. ತಮಟೆ ನೋಡಿ. ಊರದೇವರ ಮುಂದೆ, ಊರವರ ಹೆಣದ ಮುಂದೆ ಬಡಿಯುವುದು ಒಂದು ಜಾತಿಯ ಬಿಟ್ಟಿ ಕೆಲಸವಾಗಿತ್ತು. ದೇವರ ಮುಂದೆ ಬಡಿಯಬೇಕು, ಗುಡಿಯೊಳಗೆ ಹೋಗಬಾರದು. ದಲಿತ ಸಂಘರ್ಷ ಸಮಿತಿಯ ದಿನಗಳಲ್ಲಿ, ಇನ್ನು ಮೇಲೆ ತಮಟೆ ಬಡಿಯುವುದಿಲ್ಲ ಎಂದು ಕೈಬಿಟ್ಟವರಿದ್ದಾರೆ. ಅದನ್ನೇ ತಮ್ಮ ಹಾಡಿಗೆ, ತಮ್ಮ ಮೆರವಣಿಗೆಗೆ ಎತ್ತಿಕೊಂಡವರೂ ಇದ್ದಾರೆ. ಹಳೆಯ ಕೋಲಾರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಆ ತಮಟೆಗೇ. ಅದೇ ಚರ್ಮ, ಅದೇ ಕೋಲು. ಯಾರ ಮುಂದೆ, ಯಾರ ಮಾತಿಗೆ ಬಡಿಯುತ್ತಿದ್ದೇನೆ ಎಂಬುದು ಬೇರೆ.

ಈ ತಿರುವಿನ ದೊಡ್ಡ ಪ್ರಯೋಗ ನಡೆದದ್ದು ಕೋಲಾರದ ತಲೆಯ ಮೇಲೆಯೇ ಇರುವ ಅಂತರಗಂಗೆ ಬೆಟ್ಟದಲ್ಲಿ. ಕೆಳಗೆ ಕಾಶಿ ವಿಶ್ವೇಶ್ವರನ ಗುಡಿ, ಕಲ್ಲುಬಸವನ ಬಾಯಿಂದ ಬೀಳುವ ನೀರು, ಯಾತ್ರಿಕರು. ಮೇಲೆ ಬೆಟ್ಟದ ನೆತ್ತಿಯ ತೇರಹಳ್ಳಿಯ ಬಳಿ ಕವಿ, ನಾಟಕಕಾರ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಎರಡು ಸಾವಿರದ ಇಸವಿಯ ನಂತರದ ವರ್ಷಗಳಲ್ಲಿ ‘ಆದಿಮ’ ಕಟ್ಟಿದರು. ದಲಿತ ಚಳವಳಿಯಲ್ಲಿ ಕೂಗಿ, ನಡೆದು, ದಣಿದವರು ಇವರು. ಪ್ರತಿ ಹುಣ್ಣಿಮೆಗೂ ‘ಹುಣ್ಣಿಮೆ ಹಾಡು’ ಎಂದು ಶುರುವಾಯಿತು. ಬೆಳದಿಂಗಳಲ್ಲಿ ಹಾಡು, ನಾಟಕ, ಮಾತು, ಊಟ. ಬೇಸಿಗೆಯಲ್ಲಿ ಮಕ್ಕಳಿಗೆ ಚುಕ್ಕಿಮೇಳ.

ಹುಣ್ಣಿಮೆಯನ್ನು ಆರಿಸಿಕೊಂಡದ್ದರಲ್ಲಿ ವಿವೇಕವಿದೆ. ಹುಣ್ಣಿಮೆ ಎಂದೆಂದು ತಿಳಿಯಲು ಪಂಚಾಂಗದವನ ಮನೆಗೆ ಹೋಗಬೇಕಿಲ್ಲ, ತಲೆಯೆತ್ತಿ ನೋಡಿದರೆ ಸಾಕು. ಕೂಲಿಯಿಂದ ಬಂದವನಿಗೂ ಬೆಟ್ಟ ಹತ್ತಲು ಬೆಳಕು ಸಿಗುತ್ತದೆ. ಬುದ್ಧನ ಹುಟ್ಟು, ಬೋಧಿ, ಸಾವು ಎಲ್ಲ ಹುಣ್ಣಿಮೆಯದೇ ಎನ್ನುತ್ತಾರೆ. ಕೆಳಗಿನ ಊರುಗಳ ಕಾರಹುಣ್ಣಿಮೆ, ಸೀಗೆ ಹುಣ್ಣಿಮೆಗಳೂ ಅದೇ ಚಂದ್ರನವು. ಹೀಗೆ ಯಾರ ನೆನಪನ್ನೂ ಅಳಿಸದೆ ಎಲ್ಲರೂ ಬಂದು ಕೂರಬಹುದಾದ ಒಂದು ರಾತ್ರಿ. ಅಲ್ಲಿ ಗರ್ಭಗುಡಿ ಇರಲಿಲ್ಲ, ಆದ್ದರಿಂದ ಹೊರಗೆ ನಿಲ್ಲಬೇಕಾದವರೂ ಇರಲಿಲ್ಲ. ಇದು ಸಾಂಸ್ಕೃತಿಕ ಕಾರ್ಯಕ್ರಮವೋ ಆಚರಣೆಯೋ ಎಂದು ಕೇಳುವವರಿಗೆ, ತಿಂಗಳು ತಿಂಗಳೂ ತಪ್ಪದೆ ಅದೇ ಜಾಗಕ್ಕೆ ಅದೇ ಜನ ಹತ್ತಿ ಬರತೊಡಗಿದ ಮೇಲೆ ಆ ಎರಡಕ್ಕೂ ಏನು ವ್ಯತ್ಯಾಸ ಎಂದು ತಿರುಗಿ ಕೇಳಬಹುದು. ಗಾರ್ಡ್ನರ್‌ನ ಪಂಥದವರು ದೂರದ ಹುಲ್ಲುಗಾವಲಲ್ಲಿ ಹುಡುಕಿದ್ದೂ ಇದನ್ನೇ ಇರಬಹುದು. ಅವರು ಮಂತ್ರದಿಂದ ಶುರುಮಾಡಿ ಜನರನ್ನು ಕರೆದರು. ಇಲ್ಲಿ ಜನ ಮೊದಲು ಬಂದರು.

ಆದರೂ ಬೆಟ್ಟದ ಮೇಲಿನ ಹುಣ್ಣಿಮೆ ತಿಂಗಳಿಗೊಂದು, ಮನೆಯೊಳಗಿನ ಸಂಜೆ ದಿನಕ್ಕೊಂದು. ಬುದ್ಧ, ಅಂಬೇಡ್ಕರರ ಪಟ ಹಾಕಿಕೊಂಡ ಮನೆಗಳಲ್ಲಿ ಒಬ್ಬೊಬ್ಬರದು ಒಂದೊಂದು ರೀತಿ. ಊದುಬತ್ತಿ ಹಚ್ಚಿ ಸುಮ್ಮನೆ ನಿಲ್ಲುವವರಿದ್ದಾರೆ. ಮೊಂಬತ್ತಿಯಷ್ಟೇ ಸರಿ, ಎಣ್ಣೆದೀಪ ಹಳೆಯದು ಎನ್ನುವವರಿದ್ದಾರೆ. ಅಯೋತಿದಾಸರು ಕೇಳಿದ್ದರೆ ಎಳ್ಳೆಣ್ಣೆಯ ಪರವಾಗಿ ಜಗಳವಾಡುತ್ತಿದ್ದರು. ಸಂವಿಧಾನದ ಪ್ರಸ್ತಾವನೆಯನ್ನು ಮದುವೆಯಲ್ಲಿ ಓದಿಸುವವರಿದ್ದಾರೆ.

ಮಹಾಲಯ ಅಮಾವಾಸ್ಯೆಯ ತಂಟೆಯಂತೂ ಬಗೆಹರಿದಿಲ್ಲ. ಪ್ರತಿಜ್ಞೆಯಲ್ಲಿ ಶ್ರಾದ್ಧ ಬೇಡವೆಂದಿದೆ ಎಂದು ಓದಿದ ಮಗ ಹೇಳುತ್ತಾನೆ. ನಾನು ಶ್ರಾದ್ಧ ಮಾಡುತ್ತಿಲ್ಲ, ನಮ್ಮತ್ತೆಗೆ ಮುದ್ದೆ ಇಡುತ್ತಿದ್ದೇನೆ ಎಂದು ತಾಯಿ ಹೇಳುತ್ತಾಳೆ. ಐನೋರು ಬಂದಿಲ್ಲ, ಪಿಂಡವಿಲ್ಲ, ಕಾಗೆಗೆ ಕಾಯುವುದೂ ಇಲ್ಲ. ಅಜ್ಜಿಯ ಫೋಟೋ ಬುದ್ಧನ ಪಟದ ಕೆಳಗೆ ಒಂದು ಮಣೆಯ ಮೇಲೆ. ಅವಳಿಗೆ ಇಷ್ಟವಾಗಿದ್ದ ಸಾರು, ಒಂದು ಎಲೆ, ಅಡಿಕೆ. ವಾದದಲ್ಲಿ ಯಾರೂ ಗೆಲ್ಲದೆ ಕೊನೆಗೆ ಊಟದ ಹೊತ್ತಾಗುತ್ತದೆ. ಶಾಲೆಗೆ ಹೋಗುವ ಮೊಮ್ಮಗಳನ್ನು ಮುಂದೆ ನಿಲ್ಲಿಸುತ್ತಾರೆ. ಪಂಚಶೀಲದ ಪಾಲಿ ಸಾಲುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡ ಹಾಳೆ ಅವಳ ಕೈಯಲ್ಲಿದೆ. ಮನೆಯಲ್ಲಿ ಇನ್ನೂ ಯಾರಿಗೂ ಬಾಯಿಪಾಠವಾಗಿಲ್ಲ. ಅವಳು ಬೆರಳಿಟ್ಟು ಓದುತ್ತಾಳೆ, ಉಳಿದವರು ಅವಳ ಹಿಂದೆ ಹೇಳುತ್ತಾರೆ.